ಸಂಪಾದಕರ ಉತ್ತರ: ಅವನನ್ನು ‘ಪಾಗಲ್ ಪ್ರೇಮಿ’ ಅನ್ನಬೇಡಿ, ಮೇಷ್ಟ್ರೇ

ಹನುಮಂತನಗರದಿಂದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬರೆದಿದ್ದಾರೆ: “ಮೊಮ್ಮಗಳು ಮೊದಲ ಪಿಯುಸಿ. ಮೊನ್ನೆ ಅವಳ ಕಾಲೇಜಿನಲ್ಲಿ ಎರಡು ಪೀರಿಯಡ್ ಪಾಠ ಬಿಟ್ಟು ‘ಆರೋಗ್ಯಕರ ಸಂಬಂಧ’ ಅಂತ ಕ್ಲಾಸ್ ಮಾಡಿದರಂತೆ. ಇಂಗ್ಲಿಷಿನ ಹಾಳೆಯೊಂದನ್ನು ಕೈಗೆ ಕೊಟ್ಟಿದ್ದಾರೆ, ಅದರಲ್ಲಿ ಗಾಡಿ ಚಕ್ರದ ಚಿತ್ರ. ಪ್ರೀತಿ ಪ್ರೇಮ ಕಾಲೇಜಿನಲ್ಲಿ ಕಲಿಸುವ ವಿಷಯವೇ? ಎಲ್ಲೋ ಲಕ್ಷಕ್ಕೊಬ್ಬ ಪಾಗಲ್ ಪ್ರೇಮಿ ಚಾಕು ಹಿಡಿದ ಅಂತ ಎಲ್ಲ ಮಕ್ಕಳ ತಲೆ ಕೆಡಿಸಬೇಕೆ? ಹೆಣ್ಣುಮಕ್ಕಳಿಗೆ ಕರಾಟೆ ಕಲಿಸಿ, ಮೊಬೈಲ್ ಕಿತ್ತಿಡಿ, ಸಾಕು.”

ಮೇಷ್ಟ್ರೇ, ನಮಸ್ಕಾರ.

ನಿಮ್ಮ ದುಂಡನೆಯ ಅಕ್ಷರ ನೋಡಿ ಖುಷಿಯಾಯಿತು. ಮೂರು ಪುಟದಲ್ಲಿ ಒಂದೇ ಒಂದು ಕಾಗುಣಿತದ ತಪ್ಪಿಲ್ಲ. ಕರಾಟೆ ಕಲಿಯಲಿ, ಒಳ್ಳೆಯದೇ. ರಾತ್ರಿ ಹೊತ್ತು ಮೊಬೈಲ್ ತೆಗೆದಿಡಿ, ಅದಕ್ಕೂ ನನ್ನ ತಕರಾರಿಲ್ಲ. ಆದರೆ ನಿಮ್ಮ ಪತ್ರದ ಒಂದು ಮಾತು ಎರಡು ದಿನ ನನ್ನನ್ನು ಬಿಡಲಿಲ್ಲ. ‘ಪಾಗಲ್ ಪ್ರೇಮಿ.’

ಆ ಮಾತು ನಿಮ್ಮದಲ್ಲ, ನಮ್ಮ ವೃತ್ತಿಯವರು ನಿಮ್ಮ ಬಾಯಿಗೆ ಹಾಕಿದ್ದು. ಹುಡುಗಿ ಒಲ್ಲೆ ಅಂದಳು, ಅವನು ಚುಚ್ಚಿದ. ಮಾರನೇ ದಿನದ ಹೆಡ್ಡಿಂಗು ‘ಪಾಗಲ್ ಪ್ರೇಮಿಯ ಹುಚ್ಚಾಟ’. ಕೊಂದವನಿಗೆ ಪ್ರೇಮಿ ಅನ್ನುವ ಬಿರುದು! ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಕೊಲೆಗಳ ಕಾರಣ ಪಟ್ಟಿ ಮಾಡುತ್ತದಲ್ಲ, ಅಲ್ಲೂ ‘ಪ್ರೇಮ ಪ್ರಕರಣ’ ಅಂತ ಒಂದು ಕಾಲಂ ಇದೆ. ಆಸ್ತಿ ಜಗಳದ ಜೊತೆಯಲ್ಲೇ ಪ್ರೀತಿಯನ್ನೂ ಕೂರಿಸಿದ್ದಾರೆ. ನಮ್ಮ ಪತ್ರಿಕೆಯಲ್ಲಿ ಆ ಮಾತು ಅಚ್ಚಾಗಕೂಡದು ಅಂತ ಡೆಸ್ಕಿನವರಿಗೆ ಹೇಳಿ ಬಹಳ ವರ್ಷವಾಯಿತು.

ಒಂದು ಸಂಜೆ ಮೆಜೆಸ್ಟಿಕ್ ಮೆಟ್ರೋ ಸ್ಟೇಷನ್ನಿನಲ್ಲಿ ಹಸಿರು ಮಾರ್ಗದ ರೈಲಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಮೂವರು ಹುಡುಗಿಯರು, ಕೊರಳಲ್ಲಿ ಕಾಲೇಜಿನ ಐಡಿ ಕಾರ್ಡು. ಒಬ್ಬಳಿಗೆ ವಿಡಿಯೋ ಕಾಲ್ ಬಂತು. ಹಲೋ ಕೂಡ ಅನ್ನಲಿಲ್ಲ ಅವಳು. ಫೋನನ್ನು ನಿಧಾನಕ್ಕೆ ಎಡಕ್ಕೆ ತಿರುಗಿಸಿ ಒಬ್ಬ ಗೆಳತಿಯ ಮುಖ ತೋರಿಸಿದಳು. ಬಲಕ್ಕೆ ತಿರುಗಿಸಿ ಇನ್ನೊಬ್ಬಳದು. ಆಮೇಲೆ ಸ್ಟೇಷನ್ನಿನ ಬೋರ್ಡು. “ನೋಡ್ದಲ್ಲ? ಸಾಕಾ?” ಅಂದು ಕಟ್ ಮಾಡಿದಳು. ಗೆಳತಿ ಅಂದದ್ದು: “ಎಷ್ಟು ಪೊಸೆಸಿವ್ ಅಲ್ವಾ! ಲಕ್ಕಿ ಕಣೇ ನೀನು.” ಅವಳೂ ನಕ್ಕಳು. ಆದರೆ ರೈಲು ಬರುವ ತನಕ ಆ ಫೋನು ಬ್ಯಾಗಿನೊಳಗೆ ಹೋಗಲಿಲ್ಲ.

ಫೋನ್ ಮಾಡಿದ ಆ ಹುಡುಗ ಇನ್ನೂ ಅವಳ ಮೇಲೆ ಕೈ ಎತ್ತಿಲ್ಲ. ಇಲ್ಲಿ ಕರಾಟೆಯನ್ನು ಯಾರ ಮೇಲೆ ಪ್ರಯೋಗಿಸುವುದು, ಹೇಳಿ?

ನಿಮ್ಮ ಮೊಮ್ಮಗಳು ತಂದ ಚಕ್ರ ಎಲ್ಲಿಯದು ಅಂತ ನಾನು ಊಹಿಸಬಲ್ಲೆ. 1984ರಲ್ಲಿ ಅಮೆರಿಕದ ಡುಲೂತ್ ಎಂಬ ಊರಿನಲ್ಲಿ, ಏಟು ತಿಂದ ಹೆಂಗಸರ ಜೊತೆ ಕೂತು, ಅವರು ಹೇಳಿದ್ದನ್ನೆಲ್ಲ ಕೇಳಿ ಬರೆದ ಚಿತ್ರ ಅದು. ನಟ್ಟನಡುವೆ ಅಧಿಕಾರ ಮತ್ತು ಹತೋಟಿ. ಒಳಗಿನ ಕಡ್ಡಿಗಳಲ್ಲಿ ಹೆದರಿಸುವುದು, ಹೀಯಾಳಿಸುವುದು, ಗೆಳತಿಯರಿಂದ ದೂರ ಮಾಡುವುದು, ದುಡ್ಡಿಗೆ ಕೈ ಒಡ್ಡುವಂತೆ ಮಾಡುವುದು, ಎಲ್ಲ ಮಾಡಿ ‘ತಪ್ಪು ನಿನ್ನದೇ’ ಅನ್ನುವುದು. ಹೊಡೆತ ಬರುವುದು ಹೊರಗಿನ ಪಟ್ಟಿಯಲ್ಲಿ. ಪೊಲೀಸರ ಕಣ್ಣಿಗೆ, ನಮ್ಮಂಥ ಪತ್ರಿಕೆಯವರ ಕಣ್ಣಿಗೆ ಬೀಳುವುದು ಆ ಪಟ್ಟಿ ಮಾತ್ರ. ಮೆಟ್ರೋದಲ್ಲಿ ನಾನು ಕಂಡದ್ದು ಒಳಗಿನ ಒಂದು ಕಡ್ಡಿ. ಅದಕ್ಕೆ ಆ ಮಕ್ಕಳ ಹತ್ತಿರ ಇದ್ದ ಹೆಸರು ‘ಪೊಸೆಸಿವ್’. ಅದನ್ನೂ ಹೆಮ್ಮೆಯಿಂದ ಹೇಳುತ್ತಾರೆ.

ಇನ್ನು ಹುಡುಗರ ವಿಷಯ. ನಿಮ್ಮ ಮೂರು ಪುಟದಲ್ಲಿ ಅವರ ಬಗ್ಗೆ ಒಂದು ಸಾಲೂ ಇಲ್ಲ. ಹುಡುಗಿಗೆ ಕರಾಟೆ, ಸರಿ. ಹುಡುಗನಿಗೆ ಏನು?

ನಾನು ಪಿಯುಸಿ ಓದುವಾಗ ನಮ್ಮ ಗುಂಪಿನಲ್ಲೊಬ್ಬ ಗಾಂಧಿಬಜಾರಿನ ಹತ್ತಿರ ಒಂದು ಹುಡುಗಿಯ ಮನೆ ಎದುರು ದಿನಾ ಸಂಜೆ ನಿಲ್ಲುತ್ತಿದ್ದ. ಅವಳು ಬಸ್ಸು ಹತ್ತಿದರೆ ಇವನೂ ಹತ್ತುತ್ತಿದ್ದ. ಅವನಿಗೆ ಸೈಕಲ್ ಬೇಕೆಂದಾಗ ಕೊಟ್ಟವರು ನಾವೇ. ಅವನದು ನಿಜವಾದ ಪ್ರೀತಿ ಅಂತ ನಂಬಿದ್ದೆವು. ಆ ಹುಡುಗಿ ವರ್ಷದ ನಡುವೆ ಕಾಲೇಜು ಬಿಟ್ಟಳು. ಯಾಕೆ ಅಂತ ನಮ್ಮಲ್ಲಿ ಒಬ್ಬನೂ ಕೇಳಲಿಲ್ಲ. ಹೀಗೆ ಬೆನ್ನು ಹತ್ತುವುದು ಅಪರಾಧ ಅಂತ ನಮ್ಮ ಕಾನೂನು ಬರೆದದ್ದೇ 2013ರಲ್ಲಿ. ಈಗ ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್. ಮೊದಲ ಸಲಕ್ಕೆ ಮೂರು ವರ್ಷದವರೆಗೆ ಜೈಲು, ಮತ್ತೆ ಮಾಡಿದರೆ ಐದು. ನಮಗೆ ಆಗ ಯಾರಾದರೂ ಮೇಷ್ಟ್ರು ಕೂರಿಸಿಕೊಂಡು ಒಂದು ಮಾತು ಹೇಳಿದ್ದರೆ, ಸೈಕಲ್ ಕೊಡುತ್ತಿರಲಿಲ್ಲ ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಸುಮ್ನೆ ಅನಿಸಿಕೆ ಅಂದುಕೊಳ್ಳಬೇಡಿ. 1990ರ ದಶಕದಲ್ಲಿ ನಾರ್ತ್ ಕೆರೊಲಿನಾದ 14 ಶಾಲೆಗಳಲ್ಲಿ ವ್ಯಾಂಜಿ ಫೋಶಿ ಎಂಬ ಸಂಶೋಧಕಿ ಮತ್ತು ಸಂಗಡಿಗರು ಇದನ್ನು ಪರೀಕ್ಷೆ ಮಾಡಿದರು. ಎಂಟು, ಒಂಬತ್ತನೇ ತರಗತಿಯ ಮಕ್ಕಳಿಗೆ ಹತ್ತು ಪಾಠ, ಒಂದು ನಾಟಕ, ಒಂದು ಪೋಸ್ಟರ್ ಸ್ಪರ್ಧೆ. ಅಷ್ಟೇ. ನಾಲ್ಕು ವರ್ಷ ಕಳೆದ ಮೇಲೂ, ಆ ಪಾಠ ಕೇಳಿದವರಲ್ಲಿ ತಾವು ಪ್ರೀತಿಸುವ ಜೊತೆಗಾರರನ್ನು ಹೊಡೆಯುವುದು ಉಳಿದವರಿಗಿಂತ ಕಡಿಮೆ ಇತ್ತು. ನಮ್ಮ ಮುಂಬೈನಲ್ಲೇ ‘ಪರಿವರ್ತನ್’ ಅಂತ ಒಂದು ಕಾರ್ಯಕ್ರಮ ನಡೆಯಿತು. ಅಲ್ಲಿ ಹುಡುಗರಿಗೆ ಈ ಪಾಠ ಹೇಳಿದವರು ಕ್ರಿಕೆಟ್ ಕೋಚ್‌ಗಳು! ಎಷ್ಟು ಜಾಣತನ ನೋಡಿ. ಅಪ್ಪನ ಮಾತು ಕೇಳದವನು ಕೋಚ್ ಮಾತು ಕೇಳುತ್ತಾನೆ.

ನಾವು ಏನು ಮಾಡಿದೆವು? 2007ರಲ್ಲಿ, ಶಾಲೆಯಲ್ಲಿ ದೇಹದ ಬದಲಾವಣೆ, ಲೈಂಗಿಕತೆಯ ಬಗ್ಗೆ ತಿಳಿಸುವ ಹದಿಹರೆಯದ ಶಿಕ್ಷಣಕ್ಕೆ ಅಲ್ಲಲ್ಲಿ ವಿರೋಧ ಎದ್ದಾಗ ನಿಲ್ಲಿಸಿದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇತ್ತು. 2013ರಲ್ಲಿ, ದೆಹಲಿಯ ನಿರ್ಭಯಾ ಪ್ರಕರಣದ ನಂತರ ನೇಮಿಸಿದ ನ್ಯಾಯಮೂರ್ತಿ ವರ್ಮಾ ಸಮಿತಿ ಶಾಲೆಯಲ್ಲಿ ಲೈಂಗಿಕ ಶಿಕ್ಷಣ ಬೇಕೇ ಬೇಕು ಅಂದಿತು. 2020ರಲ್ಲಿ ಶುರುವಾದ ಕೇಂದ್ರದ ಶಾಲಾ ಆರೋಗ್ಯ ಕಾರ್ಯಕ್ರಮದ ಹನ್ನೊಂದು ವಿಷಯಗಳಲ್ಲಿ ಪರಸ್ಪರ ಸಂಬಂಧ, ಹಿಂಸೆ ತಡೆ ಎರಡೂ ಇವೆ. ಕಾಗದದ ಮೇಲೆ ಕೊರತೆ ಇಲ್ಲ. ಆದರೆ ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದು ಇಂಥ ಪೀರಿಯಡ್ಡೇ. ಆಗ ಮಕ್ಕಳಿಗೆ ಪಾಠ ಹೇಳುವುದು ಸಿನಿಮಾ. ಹುಡುಗಿ ಮೂರು ಸಲ ಬೇಡ ಅನ್ನುತ್ತಾಳೆ, ನಾಯಕ ನಾಲ್ಕನೇ ಸಲವೂ ಹಿಂದೆ ಹೋಗುತ್ತಾನೆ, ಹಾಡು ಶುರುವಾಗುತ್ತದೆ.

ಮೇಷ್ಟ್ರೇ, ನೀವು ಅಕ್ಕಮಹಾದೇವಿಯ ವಚನ ಪಾಠ ಮಾಡಿದವರು. ಕೌಶಿಕ ದೊರೆ. ಅಕ್ಕ ಶರತ್ತು ಹಾಕಿದಳು, ಅವನು ಒಪ್ಪಿ ಮುರಿದ, ಅವಳು ಅರಮನೆ ಬಿಟ್ಟು ನಡೆದಳು. ಈ ಕಥೆಯನ್ನು ಭಕ್ತಿ ಅಂತ ಹೇಳಿ ಮುಗಿಸುತ್ತೇವೆ. ಕೌಶಿಕ ಮಾಡಿದ್ದು ಸರಿಯೇನೋ ಅಂತ ತರಗತಿಯ ಹುಡುಗರನ್ನು ಒಂದು ಸಲ ಕೇಳಿದ್ದೀರಾ?

ಕೋಪ ಮಾಡಿಕೊಳ್ಳಬೇಡಿ. ನಿಮ್ಮಿಂದ ಒಂದು ಕೆಲಸ ಆಗಬೇಕು. ಹಾಳೆ ಇಂಗ್ಲಿಷಿನಲ್ಲಿದೆ ಅಂದಿರಿ, ಆ ದೂರು ನೂರಕ್ಕೆ ನೂರು ನ್ಯಾಯ. ಮೊಮ್ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಆ ಚಕ್ರವನ್ನು ಕನ್ನಡಕ್ಕೆ ಮಾಡಿಕೊಡಿ. ‘ಪೊಸೆಸಿವ್’ ಅನ್ನುವುದಕ್ಕೂ ಹದಿನಾರು ವರ್ಷದವರ ನಾಲಿಗೆಗೆ ಹೊಂದುವ ಒಂದು ಪದ ಹುಡುಕಿ. ಅವಳಿಗೆ ಒಪ್ಪಿಗೆಯಾದರೆ ಮಾತ್ರ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಒಂದು ಪೂರ್ತಿ ಪುಟ ತೆಗೆದಿಟ್ಟಿದ್ದೇನೆ. ಕೆಳಗೆ ಮಕ್ಕಳ ಸಹಾಯವಾಣಿ 1098 ಮತ್ತು ಪೊಲೀಸರ 112 ದಪ್ಪ ಅಕ್ಷರದಲ್ಲಿ ಬರುತ್ತವೆ.

– ಸಂಪಾದಕ