ಸಂಪಾದಕರ ಉತ್ತರ: ಆನೆಗೂ ತಡವಾಗಿತ್ತು

(ಹಾವೇರಿ ಕಡೆಯಿಂದ ಬಂದು ಕೊಡಗಿನ ಗೋಣಿಕೊಪ್ಪಲು ಸಮೀಪದ ಶಾಲೆಯೊಂದರಲ್ಲಿ ಒಂದು ವರ್ಷದಿಂದ ಪಾಠ ಹೇಳುತ್ತಿರುವ ಶಿಕ್ಷಕಿಯೊಬ್ಬರ ಪತ್ರದ ಸಾರ: “ರಾಜ್ಯ ಅದೇ, ಆದರೂ ಪರದೇಶಕ್ಕೆ ಬಂದ ಹಾಗಿದೆ. ಇಲ್ಲಿಯವರು ತಮಾಷೆ ಮಾಡುತ್ತಿದ್ದಾರೋ ನಿಜ ಹೇಳುತ್ತಿದ್ದಾರೋ ತಿಳಿಯುವುದಿಲ್ಲ. ಇವರಿಗೆ ನಗಲು ಬರುವುದಿಲ್ಲವೋ, ನನ್ನನ್ನು ನೋಡಿ ಒಳಗೊಳಗೇ ನಗುತ್ತಾರೋ?”)

ಟೀಚರೇ,

ನಿಮ್ಮ ಕಡೆ ‘ಅಕ್ಕೋರೇ’ ಎನ್ನುತ್ತಾರೆಂದು ಬಲ್ಲೆ. ಆದರೆ ಇಲ್ಲಿ ಒಂದು ಮಳೆಗಾಲ ಕಳೆದವರು ಟೀಚರೇ ಸರಿ.

ಪರದೇಶ ಎಂದಿರಿ. ತೀರಾ ತಪ್ಪಲ್ಲ. 1956ರ ನವೆಂಬರ್ 1ರವರೆಗೆ ಕೊಡಗು ಬೇರೆಯದೇ ರಾಜ್ಯ. 24 ಶಾಸಕರ ಪುಟ್ಟ ವಿಧಾನಸಭೆ, ಅದಕ್ಕೊಬ್ಬ ಮುಖ್ಯಮಂತ್ರಿ. ಸಂತೆಯಲ್ಲಿ ಎದುರು ಸಿಗಬಹುದಾದ ಮುಖ್ಯಮಂತ್ರಿಯನ್ನು ಕಂಡು ಯಾರು ತಾನೇ ಬೆರಗಾದಾರು? ದೊಡ್ಡದನ್ನು ಸಣ್ಣದು ಮಾಡಿ ಹೇಳುವ ನಮ್ಮ ಚಾಳಿ ಅಲ್ಲಿಂದಲೇ ಬಂತು ಎಂದರೆ ಇತಿಹಾಸದ ಮೇಷ್ಟ್ರುಗಳು ನನ್ನನ್ನು ಬಿಡುವುದಿಲ್ಲ. ಚಾಳಿಯಂತೂ ಇದೆ.

ಮಾರ್ಚ್‌ನಲ್ಲಿ ನಿಮ್ಮ ಮನೆಯ ಮಾಲೀಕರು ‘ನಿನ್ನೆ ನಮಗೆ ಅರವತ್ತು ಸೆಂಟ್ ಬಂತು’ ಎಂದಾಗ ನೀವು ಅತ್ತರಿನ ಬಾಟಲಿಯನ್ನು ನೆನೆದದ್ದು, ಆಮೇಲೆ ಯಾರೋ ಸೆಂಟ್ ಎಂದರೆ ಜಾಗದ ಅಳತೆ ಎಂದು ತಿದ್ದಿದ ಮೇಲೆ ಓಡಿಹೋಗಿ ‘ಜಾಗ ಬಂದದ್ದಕ್ಕೆ ಸಂತೋಷ’ ಎಂದದ್ದು ಓದಿ ನಮ್ಮ ಕಚೇರಿಯಲ್ಲಿ ಪ್ರೂಫ್ ನೋಡುವವರು ಕನ್ನಡಕ ತೆಗೆದು ಒರೆಸಿಕೊಂಡರು. ಇಲ್ಲಿ ನೂರು ಸೆಂಟ್ ಸೇರಿದರೆ ಒಂದು ಎಕರೆ. ಮಳೆಯ ಲೆಕ್ಕದಲ್ಲಿ ಅದೇ ನೂರು ಸೆಂಟ್ ಒಂದು ಇಂಚು. ಅವರು ಹೇಳಿದ್ದು ಕಾಫಿಯ ಹೂಮಳೆಯನ್ನು. ಆ ಮಳೆ ಸಮಯಕ್ಕೆ ಬಾರದಿದ್ದರೆ ಇಲ್ಲಿಯ ರೋಬಸ್ಟಾ ಕಾಫಿಯ ಮೊಗ್ಗು ಅರಳುವುದಿಲ್ಲ, ವರ್ಷದ ಫಸಲು ಹೋಯಿತು. ಆದ್ದರಿಂದ ಆ ದಿನಗಳಲ್ಲಿ ಮಳೆಯ ಬಗ್ಗೆ ಯಾರೂ ಹಾಸ್ಯ ಮಾಡುವುದಿಲ್ಲ. ನಿಮ್ಮ ಮಾಲೀಕರೂ ಮಾಡಿರಲಿಲ್ಲ. ‘ಜಾಗ ಅಲ್ಲ ಟೀಚರ್, ಅದು ಮೇಲಿನಿಂದ ಬಂದದ್ದು, ಪಹಣಿ ಇನ್ನೂ ಆಗಿಲ್ಲ’ ಎಂದರಲ್ಲ, ಅದು ಮಾತ್ರ ಹಾಸ್ಯ. ಒಂದೇ ಮುಖದಲ್ಲಿ ಎರಡೂ ಬಂದದ್ದರಿಂದ ನಿಮಗೆ ಗೊಂದಲವಾಯಿತು.

ನಿಮ್ಮ ಸೀಮೆಯ ತಮಾಷೆಗೆ ಗಂಟಲು ಬೇಕು. ಹೇಳುವವನೇ ಮೊದಲು ನಗುತ್ತಾನೆ, ಇಲಿ ಹುಲಿಯಾಗುತ್ತದೆ, ಕಟ್ಟೆಯ ಮೇಲೆ ಕುಳಿತವರೆಲ್ಲ ಒಂದೊಂದು ಮಾತು ಸೇರಿಸುತ್ತಾರೆ. ಇಲ್ಲಿ ಹುಲಿಯನ್ನೇ ಇಲಿ ಮಾಡುತ್ತಾರೆ. ಭಾಗಮಂಡಲದಲ್ಲಿ ಪ್ರವಾಹ ಬಂದು ರಸ್ತೆ ಮುಳುಗಿದ ಒಂದು ಜುಲೈಯಲ್ಲಿ, ಅಂಗಡಿಯ ಬೆಂಚಿನ ಮೇಲೆ ಕಾಲು ಮಡಚಿ ಕುಳಿತ ಮುದುಕರೊಬ್ಬರು ಕೆಳಗೆ ಹರಿಯುವ ನೀರನ್ನು ನೋಡುತ್ತಾ ‘ಪಾಪ, ಮೀಯಲು ನಾವು ಹೊಳೆಯವರೆಗೆ ನಡೆಯುವುದು ಬೇಡವೆಂದು ಕಾವೇರಿಯೇ ಬಂದಿದ್ದಾಳೆ’ ಎಂದರು. ಯಾರೂ ನಗಲಿಲ್ಲ. ಒಬ್ಬ ಮಾತ್ರ ‘ಸೋಪು ಉಂಟಾ?’ ಎಂದು ಅಂಗಡಿಯವನನ್ನು ಕೇಳಿದ. ನಗೆ ಅಲ್ಲಿತ್ತು.

ಇನ್ನು ನಿಮ್ಮ ಮೂರನೆಯ ತರಗತಿಯ ಹುಡುಗ. ತಡವಾಗಿ ಬಂದು ‘ಗೇಟಿನ ಹತ್ತಿರ ಆನೆ ನಿಂತಿತ್ತು ಟೀಚರ್’ ಎಂದ. ನೀವು ಗದರಿಸಿದಿರಿ. ಆಗ ಅವನು ‘ಅದಕ್ಕೂ ತಡವಾಗಿತ್ತು’ ಎಂದು ಸೇರಿಸಿದ. ನೀವು ಅವನನ್ನು ಹೊರಗೆ ನಿಲ್ಲಿಸಿದಿರಿ. ಸಂಜೆ ಅದೇ ಗೇಟಿನ ಬಳಿ ಲದ್ದಿ ಕಂಡು ರಾತ್ರಿ ನಿದ್ದೆ ಬರಲಿಲ್ಲವೆಂದು ಬರೆದಿದ್ದೀರಿ. ದಕ್ಷಿಣ ಕೊಡಗಿನಲ್ಲಿ ಹಲಸು ಹಣ್ಣಾಗುವ ಕಾಲಕ್ಕೆ ತೋಟಕ್ಕೆ ಆನೆ ಬರುವುದು ಸುಳ್ಳಲ್ಲ, ಅದರಿಂದ ಪ್ರಾಣ ಹೋದ ಮನೆಗಳೂ ಇವೆ. ರಾತ್ರಿಯಿಡೀ ತೋಟದಲ್ಲಿ ಮೆದ್ದ ಆನೆ ಬೆಳಕು ಹರಿಯುವುದರೊಳಗೆ ಕಾಡು ಸೇರಬೇಕು. ಗಂಟೆ ಎಂಟಾದರೂ ಗೇಟಿನಲ್ಲೇ ಇದ್ದರೆ ಅದಕ್ಕೂ ತಡವಾದದ್ದೇ. ಹುಡುಗ ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ? ಭಯವನ್ನು ಅವನು ತನ್ನ ಅಳತೆಗೆ ಕತ್ತರಿಸಿಕೊಂಡಿದ್ದ, ಅಷ್ಟೇ.

ಎಲ್ಲವನ್ನೂ ಹೀಗೆ ಕತ್ತರಿಸಲು ಆಗುವುದಿಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ ಬಹಳ ದಿನ ನಮ್ಮ ಹಾಸ್ಯದ ಪುಟಕ್ಕೆ ಮಳೆಯ ಬಗ್ಗೆ ಒಂದು ಸಾಲೂ ಬರಲಿಲ್ಲ. ನಾನೂ ಕೇಳಲಿಲ್ಲ.

ಒಂದು ದೂರನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ಕನ್ನಡದಲ್ಲಿ ಶುರುವಾದ ಮಾತು ತಮಾಷೆಯ ತುದಿಗೆ ಬಂದಾಗ ಕೊಡವ ತಕ್ಕಿಗೋ ಅರೆಭಾಷೆಗೋ ಮಲಯಾಳಕ್ಕೋ ಜಾರಿ, ಸುತ್ತಲಿನವರ ಭುಜ ಮಾತ್ರ ಕುಲುಕುವುದು ಹೊಸಬರಿಗೆ ಹಿಂಸೆ. ಅದು ಬೇಕೆಂದು ಮಾಡುವುದಲ್ಲ, ಆದರೆ ಬೇಕೆಂದು ಮಾಡಿದಷ್ಟೇ ನೋಯಿಸುತ್ತದೆ. ‘ಏನು ಹೇಳಿದಿರಿ?’ ಎಂದು ಗಟ್ಟಿಯಾಗಿ ಕೇಳಿಬಿಡಿ. ಅನುವಾದ ಮಾಡುವಾಗ ಅವರು ಪಡುವ ಪಾಡು ಮೂಲಕ್ಕಿಂತ ಚೆನ್ನಾಗಿರುತ್ತದೆ.

ಕೊನೆಗೆ ಮೇ ತಿಂಗಳ ಸಂಗತಿ. ರಜೆ ಮುಗಿಸಿ ಬರುವಾಗ ಸೀರೆ ಉಟ್ಟು ಮೀಸೆ ಬಿಟ್ಟವರು, ಮುಖಕ್ಕೆ ಬಣ್ಣ ಬಳಿದವರು ಡಬ್ಬ ಬಡಿಯುತ್ತಾ ಬಸ್ಸನ್ನು ಅಡ್ಡಗಟ್ಟಿ, ಇಲ್ಲಿ ಅಚ್ಚು ಹಾಕಲಾಗದ ಮಾತುಗಳಲ್ಲಿ ನಿಮ್ಮನ್ನು ಬೈದು ಹಣ ಕೇಳಿದರೆಂದೂ, ಚಾಲಕ ನಗುತ್ತಾ ಕೊಟ್ಟನೆಂದೂ ಬರೆದಿದ್ದೀರಿ. ಅದು ದೇವರಪುರದ ಕುಂಡೆ ಹಬ್ಬ. ಬೇಟೆಗೆಂದು ಕಾಡಿಗೆ ಕರೆದೊಯ್ದ ಅಯ್ಯಪ್ಪ ದೇವರು ಭದ್ರಕಾಳಿಯನ್ನು ಕಂಡು ಅವಳ ಹಿಂದೆ ಹೋಗಿ ತಮ್ಮನ್ನು ನಡುಗಾಡಿನಲ್ಲಿ ಕೈಬಿಟ್ಟ ಎಂಬ ಸಿಟ್ಟಿಗೆ ಜೇನುಕುರುಬರು, ಯರವರು ಮೊದಲಾದವರು ವರ್ಷಕ್ಕೊಮ್ಮೆ ದೇವರನ್ನೇ ಬೈಯುತ್ತಾರೆ, ಕಡೆಗೆ ಅವನಲ್ಲೇ ತಪ್ಪೊಪ್ಪಿಕೊಳ್ಳುತ್ತಾರೆ. ದೇವರನ್ನೇ ಬಿಡದವರು ಟೀಚರನ್ನು ಬಿಟ್ಟಾರೆಯೇ? ವರ್ಷವಿಡೀ ತೋಟದಲ್ಲಿ ಸಾಹುಕಾರರ ಮಾತು ಕೇಳಿದವರು ಅಂದು ಸಾಹುಕಾರರಿಗೇ ಕೇಳಿಸುತ್ತಾರೆ. ನನ್ನನ್ನು ಕೇಳಿದರೆ, ಮುಖ ಗಂಟಿಕ್ಕಿಕೊಂಡು ಮಾಡುವ ನಮ್ಮ ನಯದ ಹಾಸ್ಯಕ್ಕಿಂತ ಅದು ಹೆಚ್ಚು ಪ್ರಾಮಾಣಿಕ. ಬರುವ ವರ್ಷ ಪರ್ಸಿನಲ್ಲಿ ಹತ್ತರ ನೋಟುಗಳಿರಲಿ. ಇಲ್ಲವಾದರೆ ಹಾಡಿನಲ್ಲಿ ಹಾವೇರಿಯೂ ಸೇರುತ್ತದೆ.

ಹುಡುಗನನ್ನು ಇನ್ನು ಮುಂದೆ ಒಳಗೆ ಕರೆದುಕೊಳ್ಳಿ. ಹಾಗೆಯೇ ನಿಮ್ಮ ಶಾಲೆಯ ಅಂಗಳದಲ್ಲಿ ಈ ವಾರ ಎಷ್ಟು ಸೆಂಟ್ ಬಿತ್ತೆಂದು ಅಳೆದು ಬರೆಯಿರಿ. ನಮ್ಮ ಕಚೇರಿಯ ಮಳೆಮಾಪಕ ಸೋರುತ್ತಿದೆ. ಅದರ ಪ್ರಕಾರ ಮಡಿಕೇರಿಯಲ್ಲಿ ಈ ವರ್ಷ ಬರಗಾಲ.

— ಸಂಪಾದಕ