ಹತ್ತಾರು ಆಸಕ್ತಿ ಒಳ್ಳೆಯದಾ, ಒಂದರಲ್ಲೇ ಪಳಗೋದು ಒಳ್ಳೆಯದಾ?

ಎಲ್ಲದರಲ್ಲೂ ಆಸಕ್ತಿ ಇದೆ, ಯಾವುದನ್ನು ಬಿಡಲಿ ಅಂತ ಕೇಳಿದ್ದೀರಿ. ಯಾವುದನ್ನೂ ಬಿಡಬೇಡಿ. ಆದರೆ ಒಂದನ್ನಾದರೂ ಆಳಕ್ಕಿಳಿದು ಕಲಿಯಿರಿ.

ಚಾರ್ಲ್ಸ್ ಡಾರ್ವಿನ್ ಅವರನ್ನೇ ನೋಡಿ. ಪಾರಿವಾಳ ಸಾಕಿದರು, ಆರ್ಕಿಡ್ ಹೂಗಳನ್ನು ಬಿಡಿಸಿ ನೋಡಿದರು, ಎರೆಹುಳುಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅಂಥವರು 1846ರಿಂದ 1854ರವರೆಗೆ, ಅಂದರೆ ಸುಮಾರು 8 ವರ್ಷ, ಬಾರ್ನಕಲ್ ಎಂಬ ಪುಟ್ಟ ಜೀವಿಯ ಹಿಂದೆ ಬಿದ್ದರು. ಸಮುದ್ರದ ಬಂಡೆಗೂ ಹಡಗಿನ ತಳಕ್ಕೂ ಅಂಟಿಕೊಂಡಿರುತ್ತಲ್ಲ, ಅದು. ಒಂದೊಂದನ್ನೂ ಸೂಕ್ಷ್ಮದರ್ಶಕದ ಕೆಳಗಿಟ್ಟು ಕೊಯ್ದು ನೋಡಿದರು. ಒಂದೇ ಜಾತಿಯೊಳಗೂ ಎಷ್ಟೊಂದು ವ್ಯತ್ಯಾಸ ಇರುತ್ತದೆ ಅನ್ನೋದು ಅಲ್ಲಿ ಅವರಿಗೆ ಚೆನ್ನಾಗಿ ಮನದಟ್ಟಾಯಿತು. ಮೇಲೆ ಮೇಲೆ ನೋಡಿದವರಿಗೆ ಅದು ಕಾಣುತ್ತಿರಲಿಲ್ಲ.

ಹಾಗಂತ ಒಂದರಲ್ಲೇ ಮುಳುಗಿದರೂ ತೊಡಕಿದೆ. 1973ರಲ್ಲಿ ಚೇಸ್ ಮತ್ತು ಸೈಮನ್ ಎಂಬ ಸಂಶೋಧಕರು ಚೆಸ್ ಆಟಗಾರರಿಗೆ ಮಣೆಯನ್ನು 5 ಸೆಕೆಂಡ್ ತೋರಿಸಿದರು. ಕಾಯಿಗಳು ನಿಜವಾದ ಆಟದಲ್ಲಿ ಇದ್ದಂತೆಯೇ ಇದ್ದರೆ, ಯಾವ ಕಾಯಿ ಎಲ್ಲಿತ್ತು ಅನ್ನೋದನ್ನು ನುರಿತವರು ಹೊಸಬರಿಗಿಂತ ಎಷ್ಟೋ ಜಾಸ್ತಿ ನೆನಪಿಟ್ಟುಕೊಂಡರು. ಕಾಯಿಗಳನ್ನು ಸುಮ್ನೆ ಅಡ್ಡಾದಿಡ್ಡಿ ಇಟ್ಟಾಗ ಆ ಮೇಲುಗೈ ಮಾಯ! ಒಂದು ಕಡೆ ಪಳಗಿದ ಬುದ್ಧಿ ಇನ್ನೊಂದು ಕಡೆ ತಾನಾಗೇ ಓಡುವುದಿಲ್ಲ, ಅಲ್ವಾ?

ನನಗೆ ಕಾಣುವ ನಿಜವಾದ ತೊಂದರೆ ಬೇರೆ. ಸುಲಭದ ಪಾಠ ಮುಗಿದು ಬೇಜಾರು ಶುರುವಾದ ತಕ್ಷಣ ನಾವು ಹೊಸದಕ್ಕೆ ಹಾರುತ್ತೇವೆ. ಮುಂದಿನ ಸಲ ಹಾಗನಿಸಿದಾಗ ಅದೇ ವಿಷಯದಲ್ಲಿ ಇನ್ನೂ ಮೂರು ತಿಂಗಳು ಇದ್ದು ನೋಡಿ. ಉಳಿದ ಆಸಕ್ತಿಗಳು ಎಲ್ಲೂ ಹೋಗುವುದಿಲ್ಲ.