ಕಾಲು ನೆಟ್ಟಗಾದ ಮೇಲೂ ಬ್ರೇಸ್ ಯಾಕೆ?

ಒಂಬತ್ತು ತಿಂಗಳ ಗಂಡುಮಗು, ಹುಟ್ಟಿನಿಂದಲೇ ಬಲಪಾದ ಸೊಟ್ಟ (ಕ್ಲಬ್‌ಫುಟ್). ಸಕಲೇಶಪುರ ತಾಲ್ಲೂಕಿನ ಕಾಫಿ ತೋಟದ ಲೈನ್‌ಮನೆಯ ಕುಟುಂಬ. ಗುರುತು ಸಿಗದಂತೆ ವಿವರ ಬದಲಿಸಲಾಗಿದೆ.

ಮೂರನೇ ವಾರದಿಂದ ಪೊನ್ಸೆಟಿ ವಿಧಾನದ ಚಿಕಿತ್ಸೆ ಚೆನ್ನಾಗಿಯೇ ನಡೆದಿತ್ತು. ವಾರಕ್ಕೊಂದರಂತೆ ಆರು ಪ್ಲಾಸ್ಟರ್, ಆಮೇಲೆ ಹಿಮ್ಮಡಿ ಹಿಂದಿನ ಬಿಗಿದ ಸ್ನಾಯುರಜ್ಜು ಕತ್ತರಿಸಿ ಮೂರು ವಾರ ಇನ್ನೊಂದು ಪ್ಲಾಸ್ಟರ್. ಅದು ಬಿಚ್ಚಿದ ದಿನವೇ ಎರಡು ಶೂ ನಡುವೆ ಕಂಬಿ ಇರುವ ಬ್ರೇಸ್. ಮೂರು ತಿಂಗಳು ದಿನಕ್ಕೆ 23 ಗಂಟೆ ಹಾಕಿದರು. ರಾತ್ರಿ ಮತ್ತು ಹಗಲು ನಿದ್ದೆಗೆ ಮಾತ್ರ ಎಂದಾದ ಮೇಲೆ ಕೆಟ್ಟಿತು. ಹಣ್ಣು ಕುಯ್ಲಿನ ಕಾಲ, ತಾಯಿ ತೋಟಕ್ಕೆ. ಮಗು ಅಜ್ಜಿಯ ಕೈಯಲ್ಲಿ. ಅತ್ತಾಗಲೆಲ್ಲ ಬಿಚ್ಚಿ, ಕೊನೆಗೆ ಪೂರ್ತಿ ಬಿಟ್ಟರು. "ಕಾಲು ನೆಟ್ಟಗಾಯ್ತಲ್ಲ, ಇನ್ಯಾಕೆ ಈ ಸಂಕೋಲೆ?" ಅನ್ನುವುದು ಅಜ್ಜಿಯ ಪ್ರಶ್ನೆ.

ನ್ಯಾಯವಾದ ಪ್ರಶ್ನೆಯೇ. ಪ್ಲಾಸ್ಟರ್ ಪಾದವನ್ನು ತಿದ್ದುತ್ತದೆ, ಆದರೆ ಅದನ್ನು ಒಳಕ್ಕೆಳೆಯುವ ಗುಣ ಮೊದಲ ಕೆಲವು ವರ್ಷ ಮಾಂಸಖಂಡದಲ್ಲೇ ಉಳಿದಿರುತ್ತದೆ. ಹಾಗಾಗಿ ನಾಲ್ಕು ವರ್ಷ ತುಂಬುವವರೆಗೆ ದಿನಕ್ಕೆ 12ರಿಂದ 14 ಗಂಟೆ ಬ್ರೇಸ್ ಬೇಕು. ಸೊಟ್ಟ ಮರುಕಳಿಸಲು ಮುಖ್ಯ ಕಾರಣ ಬ್ರೇಸ್ ಬಿಡುವುದೇ. ಈ ಮಗುವಿನ ಪಾದ ನೋಡಲು ನೇರವಿದ್ದರೂ ಮೇಲಕ್ಕೆ ಮಡಿಸಿದರೆ ಮಟ್ಟಕ್ಕೆ ಬಂದು ನಿಲ್ಲುತ್ತಿತ್ತು, ಅದರಾಚೆ ಏರುತ್ತಿರಲಿಲ್ಲ. ಮರುಕಳಿಕೆಯ ಮೊದಲ ಸುಳಿವು ಸಾಮಾನ್ಯವಾಗಿ ಇದೇ.

ಅಜ್ಜಿಯಿಂದಲೇ ಶೂ ಹಾಕಿಸಿ ನೋಡಿದಾಗ ಅಳುವಿನ ಕಾರಣ ಸಿಕ್ಕಿತು. ಬೆರಳ ಕಡೆಯ ಪಟ್ಟಿಯನ್ನು ಮೊದಲು ಕಟ್ಟುತ್ತಿದ್ದರು. ಹಿಮ್ಮಡಿ ಮೇಲೆದ್ದು ಉಜ್ಜಿ ಕೆಂಪಾಗಿತ್ತು. ಮಗು ಹಟಮಾರಿ ಎಂದು ಬರುವ ಪ್ರಕರಣಗಳಲ್ಲಿ ಮೊದಲು ಹಿಮ್ಮಡಿ ನೋಡಬೇಕು, ಬೈಗುಳ ಆಮೇಲೆ.

ಕೊಟ್ಟ ಸಲಹೆ: ಮೊದಲು ಮೂಳೆ ವೈದ್ಯರಲ್ಲಿಗೆ. ಬಿಗಿದ ಪಾದವನ್ನು ಹಾಗೇ ಶೂಗೆ ತುರುಕಿದರೆ ಬೊಬ್ಬೆಯೇ ಗತಿ. ಸಾಮಾನ್ಯವಾಗಿ ಒಂದೆರಡು ಪ್ಲಾಸ್ಟರ್ ಮತ್ತೆ ಬೇಕಾಗುತ್ತದೆ. ಆಮೇಲೆ ಬ್ರೇಸ್ ಹಾಕುವಾಗ ಮಂಡಿ ಮಡಿಸಿ, ಹಿಮ್ಮಡಿಯನ್ನು ತಳಕ್ಕೆ ಒತ್ತಿ ಹಿಡಿದು, ನಡುವಿನ ಪಟ್ಟಿಯನ್ನು ಮೊದಲು ಬಿಗಿಯಬೇಕು. ಮಂಡಿಯ ಕೆಳಗೆ ಕಾಲು ಹಿಡಿದು ಮೆಲ್ಲಗೆ ಮೇಲೆಕೆಳಗೆ ಎಳೆದಾಗ ಬೆರಳುಗಳು ಶೂನೊಳಗೆ ಹಿಂದೆಮುಂದೆ ಸರಿದರೆ ಹಿಮ್ಮಡಿ ತಳಕ್ಕೆ ಕೂತಿಲ್ಲ, ಬಿಚ್ಚಿ ಮತ್ತೆ ಕಟ್ಟಿ. ಕಂಬಿಯ ಉದ್ದ ಮಗುವಿನ ಭುಜದಗಲ. ಬಲ ಶೂ 60–70 ಡಿಗ್ರಿ ಹೊರಕ್ಕೆ, ಸರಿಯಿರುವ ಎಡಗಾಲಿನದು 30–40. ಈ ಸ್ಕ್ರೂಗಳನ್ನು ಮನೆಯಲ್ಲಿ ಮುಟ್ಟಬೇಡಿ. ಎಣ್ಣೆ ನೀರು ಎರೆಯಬಹುದು, ಆದರೆ ಪಾದಕ್ಕೆ ಎಣ್ಣೆ ಉಳಿದರೆ ಜಾರುತ್ತದೆ. ಮಲೆನಾಡಿನ ಮಳೆಯಲ್ಲಿ ಕಾಲುಚೀಲ ಒಣಗುವುದಿಲ್ಲ, ಹಸಿ ಚೀಲದಿಂದಲೂ ಬೊಬ್ಬೆ; ನಾಲ್ಕು ಜೊತೆ ಹತ್ತಿಯವು ಇರಲಿ. ಮತ್ತೆ ಶುರುಮಾಡಿದ ಮೊದಲ ಕೆಲವು ರಾತ್ರಿ ಅಳುತ್ತದೆ. ಚರ್ಮ ನೋಡಿ, ಗಾಯವಿಲ್ಲದಿದ್ದರೆ ಬಿಚ್ಚಬೇಡಿ. ಎರಡೂ ಮಂಡಿ ಒಟ್ಟಿಗೆ ಮಡಿಸಿ ಚಾಚಿಸಿ ಆಡಿಸಿ, ಎರಡು ಕಾಲನ್ನೂ ಕೂಡಿಸಿ ಒದೆಯಲು ಕಲಿಯುತ್ತದೆ.

ತಾಯಿ ಮಾತಾಡಿದ್ದು ಎಲ್ಲರೂ ಹೊರಗೆ ಹೋದ ಮೇಲೆ. ಗ್ರಹಣದ ದಿನ ಈಳಿಗೆಮಣೆ ಮುಟ್ಟಿದ್ದಕ್ಕೆ ಹೀಗಾಯ್ತು ಅಂತ ಮನೆಯಲ್ಲಿ ಮಾತಿತ್ತು. ಅತ್ತೆ, ಗಂಡ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆವು: ಹೆಚ್ಚಿನ ಮಕ್ಕಳಲ್ಲಿ ನಿರ್ದಿಷ್ಟ ಕಾರಣ ತಿಳಿಯುವುದಿಲ್ಲ, ಕೆಲವೊಮ್ಮೆ ವಂಶದಲ್ಲಿ ಬರುತ್ತದೆ, ಗ್ರಹಣಕ್ಕೂ ಈಳಿಗೆಗೂ ಸಂಬಂಧವಿಲ್ಲ. ಬಲಪಾದ ಒಂಚೂರು ಚಿಕ್ಕದು, ಮೀನಖಂಡ ಸಣ್ಣದು ಉಳಿಯಬಹುದು ಎಂಬುದನ್ನೂ ಮುಚ್ಚಿಡಲಿಲ್ಲ.

ಖರ್ಚಿನ ಚಿಂತೆ ತಂದೆಗೆ. ಸೊಟ್ಟಪಾದ ಆರ್‌ಬಿಎಸ್‌ಕೆ (ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮ) ಯೋಜನೆಯ ಪಟ್ಟಿಯಲ್ಲಿದೆ, ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಯ ಮೂಲಕ ಹೆಸರು ಬರೆಸಲು ಹೇಳಿದೆವು. ಬೆರಳು ಶೂ ಅಂಚು ದಾಟಿ ಮಡಚಿಕೊಂಡರೆ ಮುಂದಿನ ಅಳತೆಯದು ಕೇಳಬೇಕು, ತಪಾಸಣೆಯ ದಿನಕ್ಕೆ ಕಾಯಬೇಕಿಲ್ಲ.